ಅಣ್ಣನ ಮುಖವಿಲ್ಲದ ಫೋಟೋಗಳು

ಅಣ್ಣನನ್ನು ಸುಟ್ಟು ಬಂದ ಮರುದಿನ ಅತ್ತಿಗೆ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು. ಅವನ ಮುಖ ಸರಿಯಾಗಿ ಕಾಣುವ ಒಂದು ಫೋಟೋ.

"ನಿನ್ನ ಮೊಬೈಲಲ್ಲಿ ಸಾವಿರಗಟ್ಟಲೆ ಉಂಟಲ್ವಾ? ಒಂದು ಒಳ್ಳೆಯದು ನೋಡಿ ತೆಗೆದುಕೊಡು. ಬೊಜ್ಜದ ದಿನ ಇಡಬೇಕಲ್ಲ," ಎಂದರು.

ಬೊಜ್ಜ ಎಂದರೆ ನಮ್ಮಲ್ಲಿ ಹದಿಮೂರನೆಯ ದಿನದ ಉತ್ತರಕ್ರಿಯೆ. ಅಂದು ಚಾವಡಿಯಲ್ಲಿ ಕುರ್ಚಿ ಹಾಕಿ, ಅದರ ಮೇಲೆ ಸತ್ತವರ ದೊಡ್ಡ ಫೋಟೋ ಇಟ್ಟು, ಗಂಧ ಹಚ್ಚಿ ಹಾರ ಹಾಕುತ್ತಾರೆ. ಬಂದವರೆಲ್ಲ ಅದರ ಎದುರು ಒಂದು ಹೂ ಇಟ್ಟು ಕೈ ಮುಗಿದ ಮೇಲೆಯೇ ಊಟಕ್ಕೆ ಕೂರುವುದು.

ಅತ್ತಿಗೆಗೆ ಅದು ಬರೀ ಶಾಸ್ತ್ರವಾಗಿರಲಿಲ್ಲ. ಅಣ್ಣ ಮೀನಿನ ಬೋಟಿನಿಂದ ಕಾಲು ಜಾರಿ ಸಮುದ್ರಕ್ಕೆ ಬಿದ್ದವನು. ಸಿಕ್ಕಿದ್ದು ಮೂರು ದಿನದ ಮೇಲೆ, ಎಷ್ಟೋ ದೂರದ ದಡದಲ್ಲಿ. ಕೈಯಲ್ಲಿದ್ದ ತಾಮ್ರದ ಬಳೆ ನೋಡಿ ಗುರುತು ಹೇಳಿದವನು ನಾನು. ಮನೆಗೆ ತಂದಾಗ ಮುಖದ ಬಟ್ಟೆ ಸರಿಸಬೇಡಿ ಎಂದು ಹೇಳಿದವನೂ ನಾನೇ. ಅತ್ತಿಗೆ ಮತ್ತು ಅವರ ಎಂಟು ವರ್ಷದ ಮಗಳು ಅವನ ಮುಖ ನೋಡದೆಯೇ ಅವನನ್ನು ಕಳುಹಿಸಿಕೊಟ್ಟರು.

ಬೇರೆ ಫೋಟೋ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಅವನ ಮೊಬೈಲ್ ಅವನೊಟ್ಟಿಗೇ ನೀರಿಗೆ ಹೋಗಿತ್ತು. ಅತ್ತಿಗೆಯದು ಗುಂಡಿ ಒತ್ತುವ ಹಳೆಯ ಫೋನು. ಮದುವೆಯ ಆಲ್ಬಮ್ಮಿನಲ್ಲಿ ಇದ್ದವನು ಮೀಸೆ ಬೋಳಿಸಿಕೊಂಡು ಹೆದರಿ ನಿಂತ ಒಬ್ಬ ಸಪೂರ ಹುಡುಗ, ಮಗಳು ಅವನನ್ನು ನೋಡಿ "ಇದು ಯಾರು?" ಎಂದಿದ್ದಳು. ಆಧಾರ್ ಕಾರ್ಡಿನ ಫೋಟೋ ಊರಿನ ಯಾರದ್ದಾದರೂ ಆಗಬಹುದಿತ್ತು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾದ ಮೊಬೈಲ್ ಇದ್ದವನು ನಾನೊಬ್ಬ. ನಾನಿದ್ದೇನೆ ಎಂಬ ಧೈರ್ಯದಲ್ಲಿ ಉಳಿದವರು ಯಾರೂ ತೆಗೆದಿರಲಿಲ್ಲ.

ನಾನು ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಕಡತ ನೋಡುವವನು. ಆ ಮೊಬೈಲ್ ಕೈಗೆ ಬಂದದ್ದೇ ಬಂದದ್ದು, ನನಗೆ ಎರಡು ಕೊಂಬು ಮೂಡಿತು. ಎದುರಿಗೆ ನಿಲ್ಲಿಸಿ ಮುಖ ತೆಗೆಯುವುದು ಸ್ಟುಡಿಯೋದವರ ಕೆಲಸ, ನಾನು ಮಾಡುವುದು ಕಲೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಥೂ! ಈಗ ಬರೆಯಲೂ ನಾಚಿಕೆಯಾಗುತ್ತದೆ.

ಬೋಟು ನಿಂತ ದಿನಗಳಲ್ಲಿ ಅಣ್ಣ ಕಾಪುವಿನ ಕಡಲ ಬದಿಗೆ ಬೀಸುಬಲೆ ಹಿಡಿದು ಹೋಗುತ್ತಿದ್ದ, ಹಿಂದೆಯೇ ನಾನು. ಹೊತ್ತು ಕಂತುವಾಗ ಅವನು ಬಲೆ ಬೀಸಬೇಕು, ನಾನು ಬೆಳಕಿಗೆ ಎದುರಾಗಿ ಕೂತು ತೆಗೆಯಬೇಕು. ಮನೆಗೆ ಬಂದು ಕಪ್ಪನ್ನು ಇನ್ನೂ ಕಪ್ಪು ಮಾಡಿ, ಆಕಾಶಕ್ಕೆ ಕೇಸರಿ ಏರಿಸಿದರೆ ಆಯಿತು. ಜನ ಓಹೋ ಎನ್ನುತ್ತಿದ್ದರು. ಒಮ್ಮೆ ಎಲ್ಲರೂ ಒಟ್ಟಿಗೆ ಕಾರ್ಕಳದ ಬೆಟ್ಟ ಹತ್ತಿದೆವು. ಅಲ್ಲಿಯೂ ನಾನು ತೆಗೆದದ್ದು ಬಂಡೆಯ ಮೆಟ್ಟಿಲ ಮೇಲೆ ಅಣ್ಣನ ಒಡೆದ ಹಿಮ್ಮಡಿಯನ್ನು.

"ಎಂತ ಮಾರಾಯ, ಕಾಲಿನ ಫೋಟೋ ಎಂತಕ್ಕೆ? ನನ್ನ ಮುಖಕ್ಕೆ ಎಂತ ಆಗಿದೆ?" ಎಂದು ಕೇಳಿದ್ದ.

"ನಿನ್ನ ಮುಖ ಎಲ್ಲರಿಗೂ ಗೊತ್ತುಂಟು," ಎಂದಿದ್ದೆ ನಾನು.

ಅವನು ನಕ್ಕ. ಬೋಟಿನ ಕೊಕ್ಕೆ ಬಡಿದು ಅರ್ಧ ಮುರಿದಿದ್ದ ಮುಂದಿನ ಹಲ್ಲು ಕಾಣುವ ಹಾಗೆ ನಕ್ಕ. ನನ್ನ ಕೈಯಲ್ಲಿ ಮೊಬೈಲ್ ಇತ್ತು. ನಾನು ತೆಗೆಯಲಿಲ್ಲ.

ಅತ್ತಿಗೆ ಕೇಳಿದ ಆ ದಿನ ಚಾವಡಿಯಲ್ಲಿ ಗೋಡೆಗೆ ಒರಗಿ ಹುಡುಕಲು ಕೂತೆ. ಮಗಳು ಬಂದು ಪಕ್ಕದಲ್ಲಿ ಕೂತಳು. ಬೆನ್ನು. ಬಲೆಯ ಹಿಂದೆ ಅರ್ಧ ಕಿವಿ. ಮರಳಿನ ಮೇಲೆ ಉದ್ದದ ನೆರಳು. ಬಲೆ ಹೊಲಿಯುವ ಬೆರಳು. ಮತ್ತೆ ಬೆನ್ನು.

"ಇದರಲ್ಲಿ ಅಪ್ಪ ಎಲ್ಲಿ ಚಿಕ್ಕಪ್ಪ?"

"ಇದೇ ಅಲ್ವಾ, ಇಲ್ಲಿ."

"ಇದು ಕಪ್ಪು ಮಾತ್ರ ಅಲ್ವಾ?"

ಕಪ್ಪಿನೊಳಗೆ ಮುಖ ಇರಬಹುದು ಎಂದು ಬೆಳಕು ಏರಿಸಿ ನೋಡಿದೆ. ನೀಲಿ ಹಸಿರು ಚುಕ್ಕೆಗಳು ಎದ್ದವು, ಮತ್ತೇನೂ ಇಲ್ಲ. ಎಡಿಟ್ ಮಾಡಿದ್ದನ್ನು ಉಳಿಸಿಕೊಂಡು ಮೂಲವನ್ನು ಅಳಿಸಿಬಿಡುವುದು ನನ್ನ ಶಿಸ್ತು. ಕಸ ಇಟ್ಟುಕೊಳ್ಳಬಾರದು ಎಂದು ಆಫೀಸಿನ ನಾಲ್ಕು ಜನರಿಗೆ ಪಾಠವನ್ನೂ ಹೇಳಿದ್ದೆ.

ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಅದು ನೇತಾಡುತ್ತಿತ್ತು. ನನಗೆ ಮಣಿಪಾಲದ ಒಂದು ಸಣ್ಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದ ಫೋಟೋ: ಕಾಪುವಿನ ಒಂದು ಬಂಡೆ, ಹಿಂದೆ ಸರಿಯುತ್ತಿರುವ ತೆರೆ, ಮತ್ತೆ ಖಾಲಿ ಹಸಿ ಮರಳು. ಅದನ್ನು ತೆಗೆಯುವ ಹೊತ್ತಿಗೆ ಅಣ್ಣ ನಡುವೆ ಬಂದುಬಿಟ್ಟಿದ್ದ. ತಿರುಗಿ ನನ್ನನ್ನೇ ನೋಡಿ, "ಆಯ್ತಾ ಮಾರಾಯ?" ಎಂದು ಬಾಯಿ ತುಂಬ ನಕ್ಕಿದ್ದ. ಬೆಳಕು ಮುಖದ ಮೇಲೆಯೇ ಇತ್ತು, ಮುರಿದ ಹಲ್ಲೂ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಅವನ ಮುಖ ಸರಿಯಾಗಿ ಬಿದ್ದದ್ದು ಅದೊಂದರಲ್ಲಿ. ಛೆ, ಫೋಟೋ ಹಾಳು ಮಾಡಿದ ಎಂದು ಬೈದುಕೊಂಡು, ಬೆರಳಿನಿಂದ ಅವನ ಸುತ್ತ ಗೆರೆ ಎಳೆದು ಅಳಿಸಿದ್ದೆ. ಮರಳಿಗೆ ಮರಳು, ನೊರೆಗೆ ನೊರೆ ಕೂಡಿಸುತ್ತ ಎರಡು ಸಂಜೆ ಕೂತಿದ್ದೆ. ನೆರಳು ಕೂಡ ಬಿಟ್ಟಿರಲಿಲ್ಲ.

ಆ ಪ್ರಿಂಟಿಗೆ ಗಾಜು ಹಾಕಿಸಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ಅಣ್ಣನೇ. ತಮ್ಮನ ಬಹುಮಾನ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅದರಲ್ಲಿ ತಾನಿದ್ದೆ ಎಂದು ಅವನಿಗೆ ನಾನು ಹೇಳಿಯೇ ಇರಲಿಲ್ಲ.

ಅತ್ತಿಗೆಗೂ ಹೇಳಲಿಲ್ಲ. "ಒಂದು ಉಂಟು, ಸ್ವಲ್ಪ ಕೆಲಸ ಮಾಡಿಸಬೇಕು," ಎಂದು ಹಸಿ ಸುಳ್ಳು ಹೇಳಿ, ಆಧಾರ್ ಕಾರ್ಡು ಹಿಡಿದು ಉಡುಪಿಗೆ ಹೋದೆ. ಫ್ಲೆಕ್ಸ್ ಮಾಡುವ ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಹಾಕಿದ. ಮುಖ ಬೆಳ್ಳಗಾಯಿತು, ಕಣ್ಣು ಹೊಳೆಯಿತು, ಮೈಮೇಲೆ ಒಂದು ಕೋಟು ಬಂತು. ಜೀವಮಾನದಲ್ಲಿ ಕೋಟು ಹಾಕಿದವನಲ್ಲ ನನ್ನ ಅಣ್ಣ. "ಸ್ವಲ್ಪ ನಗಿಸುವಾ," ಎಂದು ಅಂಗಡಿಯವನು ಏನೋ ಒತ್ತಿದ. ತುಟಿ ಬಿರಿಯಿತು, ಒಳಗೆ ಸಾಲಾಗಿ ಹಲ್ಲು. ಇದು ಅವನಲ್ಲ ಎಂದು ಗೊತ್ತಿದ್ದೂ ಪ್ರಿಂಟ್ ಹಾಕಿಸಿಕೊಂಡು ಬಂದೆ.

ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಮಗಳು ಇಣುಕಿ, "ಅಪ್ಪನಿಗೆ ಹಲ್ಲು ಬಂದಿದೆ!" ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ಅತ್ತಿಗೆ ಫೋಟೋವನ್ನು ಮೇಜಿನ ಮೇಲೆ ಕವುಚಿಟ್ಟರು.

"ಯಾರದ್ದೋ ಮುಖಕ್ಕೆ ಹಾರ ಹಾಕಲಿಕ್ಕೆ ನನ್ನಿಂದ ಆಗುವುದಿಲ್ಲ. ನಿಜ ಹೇಳು, ನಿನ್ನ ಹತ್ತಿರ ಅವರದ್ದು ಇಲ್ವಾ?"

ಆಗ ಎಲ್ಲ ಹೇಳಿದೆ. ಗೋಡೆಯ ಕಡೆ ಕೈ ತೋರಿಸಿ, ಅದರಲ್ಲಿ ಇದ್ದ, ನಾನೇ ಅಳಿಸಿದೆ ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಎದ್ದು ಹೋಗಿ ಫ್ರೇಮಿನ ಎದುರು ನಿಂತರು. "ಇಷ್ಟು ದಿನ ಇದರ ಕೆಳಗೇ ಗುಡಿಸ್ತಾ ಇದ್ದೆನಲ್ಲ," ಎಂದರು. ಮತ್ತೆ, "ಅಳಿಸಿದವನಿಗೆ ವಾಪಸು ತರಲಿಕ್ಕೆ ಬರುವುದಿಲ್ವಾ?" ಎಂದು ಕೇಳಿದರು. ನಿಜವಾಗಿಯೂ ಕೇಳಿದರು, ಚುಚ್ಚಲಿಕ್ಕಲ್ಲ.

"ಬರುವುದಿಲ್ಲ ಅತ್ತಿಗೆ," ಎಂದೆ. ನನ್ನ ಅಳು ಅಲ್ಲಿ ಹೊರಬಂತು. ಹೆಣದ ಎದುರು ಕೂಡ ಬಂದಿರಲಿಲ್ಲ.

ಬೊಜ್ಜದ ದಿನ ನಾನು ಚಾವಡಿಗೆ ಬರುವಷ್ಟರಲ್ಲಿ ಕುರ್ಚಿ ಹಾಕಿ ಆಗಿತ್ತು. ಅದರ ಮೇಲೆ ಆ ಖಾಲಿ ಮರಳಿನ ಫೋಟೋ. ಗಾಜು ಒರೆಸಿದ್ದರು, ಸೇವಂತಿಗೆಯ ಹಾರ ಹಾಕಿದ್ದರು. ನೆಂಟರು, ಬೋಟಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಅತ್ತಿಗೆ ಬೆರಳ ತುದಿಯಲ್ಲಿ ಗಂಧ ತೆಗೆದುಕೊಂಡು ನನ್ನನ್ನು ಕರೆದರು. "ಎಲ್ಲಿ ನಿಂತಿದ್ರು? ಆ ಜಾಗ ತೋರಿಸು. ಹಣೆಗೆ ಹಚ್ಚುವಷ್ಟು ಸಾಕು."

ನಾನು ಬಗ್ಗಿದೆ. ಬಂಡೆಯ ಎಡಕ್ಕೋ ಬಲಕ್ಕೋ? ಮರಳು ಒಂದೇ ಸಮನೆ ಹೊಳೆಯುತ್ತಿತ್ತು. ನೊರೆಯ ಗೆರೆ ಎಲ್ಲಿಯೂ ಕಡಿದಿರಲಿಲ್ಲ. ಎರಡು ಸಂಜೆ ಕೂತು ಮಾಡಿದ ಕೆಲಸ ಅಷ್ಟು ಚೊಕ್ಕವಾಗಿತ್ತು. ಹಿಂದೆ ಜನ ಹೂ ಹಿಡಿದು ಅಂಗಳದವರೆಗೆ ನಿಂತಿದ್ದರು. ಅತ್ತಿಗೆಯ ಬೆರಳಿನಲ್ಲಿ ಗಂಧ ಒಣಗುತ್ತ ಬಂತು.

"ಹೇಳು," ಎಂದರು.

"ಇಲ್ಲಿ," ಎಂದೆ.

ಅವರು ಅಲ್ಲಿ ಗಂಧ ಒತ್ತಿದರು. ಮಗಳು ಅಲ್ಲಿಗೇ ಹೂ ಇಟ್ಟಳು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬಂದು, ನಾನು ಅಂದಾಜಿನಲ್ಲಿ ತೋರಿಸಿದ ಆ ಮರಳಿಗೆ ಕೈ ಮುಗಿದರು.