ಆಬ್ವಿಯಸ್ಲಿ ಬರೆಯದ ಚೀಟಿ

ಸೇಡಂನ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕ್ಲಿಯರ್ಲಿ, ಆಬ್ವಿಯಸ್ಲಿ, ಎವಿಡೆಂಟ್ಲಿ, ಅಪ್ಪರೆಂಟ್ಲಿ ಎಂಬ ಶಬ್ದಗಳು ಪಾಠದಲ್ಲಿ ಬಂದರೆ ಎಲ್ಲಕ್ಕೂ ಸೇರಿಸಿ ಬೋರ್ಡಿನ ಮೇಲೆ ‘ಸ್ಪಷ್ಟವಾಗಿ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ನಮ್ಮ ತಾಲೂಕಿನ ಮುಧೋಳದಿಂದ ಬಸ್ಸಿಗೆ ಬರುವ ಮಕ್ಕಳ ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಆ ಶಬ್ದಗಳ ನಡುವಿನ ಅಂತರವನ್ನು ನನಗೆ ಕಲಿಸಿದವರು ಚಿಂಚೋಳಿಯ ಆಸ್ಪತ್ರೆಯ ಒಬ್ಬ ಡಾಕ್ಟರು. ಕಲಿಸುವಾಗ ಅವರ ಮುಂದಿನ ಮಂಚದ ಮೇಲೆ ನನ್ನ ಅಕ್ಕ ಉಸಿರಾಡಲೂ ಆಗದೆ ಮಲಗಿದ್ದಳು.

ಅಕ್ಕನನ್ನು ಕೊಟ್ಟ ಊರು ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ. ಹೆಸರುಕಾಳು ಒಕ್ಕುವ ರಾಶಿ ಶುರುವಾಗುವ ಮಳೆಗಾಲದ ದಿನಗಳು. ಶನಿವಾರ ಶಾಲೆ ಮುಗಿಸಿ ಅವಳನ್ನು ನೋಡಿ ಬರೋಣವೆಂದು ಹೋಗಿದ್ದೆ. ಅಂದು ಸಂಜೆ ಗಂಡ ಹೆಂಡತಿಯ ನಡುವೆ ಸಣ್ಣ ಜಗಳವಾಯಿತು. ಶಹಾಬಾದಿನಲ್ಲಿ ಚಿಕ್ಕಮ್ಮನ ಮಗಳ ಸೀಮಂತದ ಕುಬಸ ಇತ್ತು; ಅಕ್ಕ ಹೋಗಲೇಬೇಕೆಂದಳು, ಭಾವ ರಾಶಿ ಮುಗಿಯಲಿ ಎಂದರು. ಅಕ್ಕ ಊಟ ಬಿಟ್ಟು, ಪಡಸಾಲೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿಬಿಟ್ಟಳು.

ಬೆಳಿಗ್ಗೆ ಅವಳು ಏಳಲಿಲ್ಲ. ಹೊಟ್ಟೆ ನೋವು ಎಂದು ಏನೋ ತೊದಲಿದಳು. ರೆಪ್ಪೆಗಳನ್ನು ಎತ್ತಲು ಆಗಲೊಲ್ಲದು. ಸ್ವಲ್ಪ ಹೊತ್ತಿನಲ್ಲಿ ಆ ತೊದಲೂ ನಿಂತಿತು. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣೆ ಎನ್ನುತ್ತಾರೆ. ಅರ್ಧ ಬಳಸಿದ ಎಣ್ಣೆಯ ಡಬ್ಬಿ ಅಲ್ಲೇ ಮೂಲೆಯಲ್ಲಿತ್ತು. ಅಕ್ಕನ ಅತ್ತೆ ಡಬ್ಬಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಎದೆ ಬಡಿದುಕೊಂಡು ಕೂತುಬಿಟ್ಟರು. ಸಿಟ್ಟಿನಲ್ಲಿ ಎಣ್ಣೆ ಕುಡಿದಾಳೆ ಎಂದು ನೆರೆಯವರೂ ಹೇಳತೊಡಗಿದರು. ಭಾವ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಾಜೂ ಮನೆಯವರ ಜೀಪಿನಲ್ಲಿ ಅಕ್ಕನನ್ನು ಚಿಂಚೋಳಿಗೆ ತಂದೆವು. ದಾರಿಯುದ್ದಕ್ಕೂ ಅವಳ ತಲೆ ಭಾವನ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಇನ್ನೂ ಮೂವತ್ತು ತುಂಬಿರದ ಹೆಣ್ಣುಮಗಳು. ನಾವೆಲ್ಲ ಒಟ್ಟಿಗೆ ಹೇಳಿದ್ದನ್ನು ಕೇಳಿಕೊಂಡರು, ಆದರೆ ಕೈ ಕೆಲಸ ನಿಲ್ಲಿಸಲಿಲ್ಲ. ಅಕ್ಕನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದರು. ರಾತ್ರಿ ಮಂಚದ ಮೇಲೆ ಮಲಗಿದ್ದರೋ ನೆಲದ ಮೇಲೋ ಎಂದು ಕೇಳಿದರು. ನೆಲದ ಮೇಲೆ ಎಂದೆ. ಎಣ್ಣೆ ಕುಡಿದವರ ಬಾಯಲ್ಲಿ ನೊರೆ, ಜೊಲ್ಲು ಇರುತ್ತದೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುತ್ತದೆ, ಇಲ್ಲಿ ಅದು ಯಾವುದೂ ಇಲ್ಲ ಎಂದರು. ರೆಪ್ಪೆ ಹೀಗೆ ಜೋತುಬೀಳುವುದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದಾಗ ಎಂದರು. ಅದು ಕಚ್ಚಿದರೆ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲವಂತೆ, ಎಷ್ಟೋ ಸಲ ಗಾಯವೂ ಕಾಣುವುದಿಲ್ಲವಂತೆ. ಕೂಡಲೇ ಹಾವಿನ ವಿಷದ ಔಷಧಿಯ ಬಾಟಲಿ ಏರಿಸಲು ಹೇಳಿದರು.

ಅಷ್ಟರಲ್ಲಿ ಅಕ್ಕನ ಉಸಿರು ಕುಂದಿತು. ಡಾಕ್ಟರು ಗಂಟಲಿಗೆ ನಳಿಗೆ ಹಾಕಿ, ರಬ್ಬರಿನ ಚೀಲವನ್ನು ಎರಡೂ ಕೈಯಿಂದ ಒತ್ತುತ್ತ ಗಾಳಿ ಕೊಡತೊಡಗಿದರು. ಕಲಬುರಗಿಗೆ ಕಳಿಸಲೇಬೇಕಿತ್ತು. ಆಂಬುಲೆನ್ಸ್ ಬರುತ್ತಿತ್ತು. ನರ್ಸ್ ಬಾಟಲಿ ಹಿಡಿದು ನಿಂತಿದ್ದರು. ಅಲ್ಲಿನ ಡಾಕ್ಟರಿಗೆ ಚೀಟಿ ಬರೆಯಲು ಯಾರ ಕೈಯೂ ಖಾಲಿ ಇರಲಿಲ್ಲ.

“ಸರ, ನೀವು ಇಂಗ್ಲಿಷ್ ಮಾಸ್ತರ್ ಅಂದ್ರಲ್ಲ. ಪೆನ್ ಹಿಡೀರಿ. ನಾ ಹೇಳ್ತೀನಿ, ಬರೀರಿ. ಆಮ್ಯಾಲ ಓದಿ ಸಹಿ ಮಾಡ್ತೀನಿ,” ಎಂದರು ಡಾಕ್ಟರು.

ವಯಸ್ಸು, ನಾಡಿ, ಕೊಟ್ಟ ಔಷಧಿ ಎಲ್ಲವನ್ನೂ ಅವರು ಇಂಗ್ಲಿಷಿನಲ್ಲೇ ಹೇಳಿದರು, ಬರೆದುಕೊಂಡೆ. ಆಮೇಲೆ ಚೀಲ ಒತ್ತುತ್ತಲೇ ಕನ್ನಡಕ್ಕೆ ಬಂದರು: “ಮನ್ಯಾನವರು ಹೇಳೋ ಪ್ರಕಾರ ಎಣ್ಣಿ ಕುಡದಾರಂತ.”

ಪೆನ್ನು ನಿಂತಿತು. ಆ ‘ಅಂತ’ಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ತಿಳಿಯದೆ, ಆಬ್ವಿಯಸ್ಲಿ ಎಂದು ಹಾಕಲೇ ಎಂದು ಕೇಳಿದೆ.

“ಅದೊಂದು ಎಲ್ಲೂ ಬರೀಬ್ಯಾಡ್ರಿ ಸರ. ಅದನ್ನ ಓದಿದ ಮ್ಯಾಲ ಮುಂದಿನ ಡಾಕ್ಟರು ಹೊಳ್ಳಿ ನೋಡಂಗಿಲ್ಲ.”

‘ಕುಡಿದಾಳೆ’ ಮತ್ತು ‘ಕುಡಿದಾಳಂತ’ ಇವೆರಡರ ನಡುವೆ ಅಕ್ಕನ ಜೀವವಷ್ಟೇ ಅಲ್ಲ, ಮಾನವೂ ಇತ್ತು. ಅಪ್ಪರೆಂಟ್ಲಿ ಎಂದು ಬರೆದು ಓದಿ ಹೇಳಿದೆ. ಡಾಕ್ಟರು ಸರಿ ಎಂದು ತಲೆ ಆಡಿಸಿದರು. ಮುಂದೆ ರೆಪ್ಪೆಗಳು ಜೋತುಬಿದ್ದ ವಿಷಯ ಬಂದಾಗ, ಹೆದರಿಕೆಯಲ್ಲಿ ಅಲ್ಲಿಯೂ ಅಪ್ಪರೆಂಟ್ಲಿ ಎಂದೇ ಹಾಕಹೊರಟೆ. ಅದು ಅವರಿವರು ಹೇಳಿದ ಮಾತಲ್ಲ, ನಾವಿಬ್ಬರೂ ಕಣ್ಣಾರೆ ಕಾಣುತ್ತಿರುವುದು, ಅಲ್ಲಿ ಸಂಶಯ ಇಟ್ಟರೆ ತಪ್ಪಾಗುತ್ತದೆ ಎಂದು ಅವರು ತಡೆದರು. ಕ್ಲಿಯರ್ಲಿ ಎಂದು ಬರೆದೆ.

ಕೊನೆಯ ಸಾಲಿಗೆ ಅವರೇ ತಡವರಿಸಿದರು. ಹಾವು ಕಚ್ಚಿದ ಗಾಯ ಸಿಕ್ಕಿಲ್ಲ, ಹಾವನ್ನು ಯಾರೂ ನೋಡಿಲ್ಲ. “ನೋಡಿಲ್ಲ ಖರೆ, ಆದ್ರ ಗುರ್ತು ಎಲ್ಲಾ ಅದನ್ನೇ ಹೇಳ್ತಾವ. ಹಂಗ ಬರಿಬೇಕು,” ಎಂದರು. ಎವಿಡೆಂಟ್ಲಿ ಎಂದರೆ ಹೇಗೆ ಎಂದೆ. ಒಂದು ಗಳಿಗೆ ಯೋಚಿಸಿ, ಅದೇ ಇರಲಿ ಎಂದರು. ಆಂಬುಲೆನ್ಸ್ ಬಂದ ಮೇಲೆ ಚೀಲವನ್ನು ನರ್ಸಿಗೆ ಕೊಟ್ಟು, ಚೀಟಿಯನ್ನು ಪೂರ್ತಿ ಓದಿ ಸಹಿ ಹಾಕಿದರು. ಕೊಡ್ಲಿ ಊರು ದಾಟಿ ಕಲಬುರಗಿ ಮುಟ್ಟುವವರೆಗೂ ನರ್ಸ್ ಆ ಚೀಲವನ್ನು ಒತ್ತುತ್ತಲೇ ಇದ್ದರು.

ಅಲ್ಲಿನ ದೊಡ್ಡ ಡಾಕ್ಟರು ಚೀಟಿ ಓದಿ, ತಾವೂ ರೆಪ್ಪೆ ಎತ್ತಿ ನೋಡಿ, ಹಾವಿನ ಔಷಧಿಯನ್ನೇ ಮುಂದುವರಿಸಿದರು. ಅಕ್ಕನನ್ನು ಉಸಿರಿನ ಮಷೀನಿಗೆ ಹಾಕಿದರು. ಮೊದಲು ಬೆರಳು ಅಲುಗಿತು, ಆಮೇಲೆ ಕಣ್ಣು ತೆರೆಯಿತು. ಭಾವ ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ಅತ್ತರು.

ಮಾತು ಬಂದ ಮೇಲೆ ಅಕ್ಕನೇ ಹೇಳಿದಳು. ಅವಳಿಗೆ ಆ ಹೊತ್ತಿನಲ್ಲೆಲ್ಲ ಎಚ್ಚರವಿತ್ತು.

“ನನಗ ಎಲ್ಲಾ ಕೇಳಸ್ತಿತ್ತು. ಕುಡದಾಳ, ಕುಡದಾಳ ಅಂತ ಎಲ್ಲಾರೂ ಅಂದ್ರಿ. ಇಲ್ಲ ಅನ್ನಬೇಕಂದ್ರ ನಾಲಗಿ ಏಳಲಿಲ್ಲ. ಆ ಡಾಕ್ಟರ್‌ಬಾಯಿ ಒಬ್ಬಾಕಿ ನೋಡು, ‘ಕುಡದಾರಂತ’ ಅಂದ್ಳು. ಆವಾಗ ನಾ ಬದಕ್ತೀನಿ ಅನಿಸ್ತು.”

ಭಾವ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಇಂಗ್ಲಿಷಿನಲ್ಲಿ ಹುಡುಕಾಡಿದ್ದನ್ನು ಅಕ್ಕ ಮುಚ್ಚಿದ ಕಣ್ಣಿನೊಳಗಿಂದ, ತನ್ನ ಮಾತಿನಲ್ಲೇ ಹಿಡಿದಿದ್ದಳು. ಈಗ ಕ್ಲಾಸಿನಲ್ಲಿ ಅಪ್ಪರೆಂಟ್ಲಿ ಬಂದರೆ ‘ಅಂತ’ ಎಂದೇ ಬರೆಸುತ್ತೇನೆ. ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ದಸರೆ ಕಳೆದ ಮೇಲೆ ಮೂವರೂ ಚಿಂಚೋಳಿಗೆ ಹೋದೆವು. ಅಕ್ಕ ತಾನೇ ಒಡೆದ ತೊಗರಿಬೇಳೆ ಒಯ್ದಿದ್ದಳು. ಡಾಕ್ಟರು ಬೇಳೆಯ ಚೀಲವನ್ನು ಬದಿಗಿಟ್ಟು, ಮೊದಲು ಅಕ್ಕನನ್ನು ಕುಂದ್ರಿಸಿ, ಮೇಲೆ ನೋಡ್ರಿ, ನಾಲಗಿ ಚಾಚ್ರಿ ಎಂದು ಪರೀಕ್ಷೆ ಮಾಡಿದರು. ಎಲ್ಲ ಛಲೋ ಅದ ಎಂದು ನಕ್ಕರು. ಅಕ್ಕ ಅವರ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಹೊರಡುವಾಗ ಡಾಕ್ಟರು ನನ್ನ ಕಡೆ ತಿರುಗಿದರು. “ಎವಿಡೆಂಟ್ಲಿ ನಿಮ್ಮ ಶಬ್ದ ಸರ. ನನಗ ಹೊಳದಿರಲಿಲ್ಲ. ಈಗ ನಾನೂ ಭಾಳ ಕಡೆ ಬರೀತೀನಿ.”

ಹೊರಗೆ ಕೂಸೊಂದು ಅಳತೊಡಗಿತು. ಅವರು ಸ್ಟೆತೊಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಆ ಕಡೆ ನಡೆದರು.