ಮೀನಿನ ತೊಟ್ಟಿಯಲ್ಲಿ ಫರಸಿ ಕಲ್ಲು

ರೊಟ್ಟಿ ಬಡಿದೆ, ನಲ್ಲಿ ನೀರು ತುಂಬಿಸಿದೆ, ಶೇಂಗಾ ಹುರಿದು ಪುಡಿ ಕುಟ್ಟಿದೆ. ನಡುನಡುವೆ ಎಷ್ಟು ಸಲ ಮೀನಿನ ತೊಟ್ಟಿಗೆ ಇಣುಕಿದೆನೋ! ಅಫಜಲಪುರದ ನಮ್ಮ ಮನೆಯ ಬಿಸಿಲು ಬಾರದ ನಡುಕೋಣೆಯಲ್ಲಿ, ಮಂದ ಬೆಳಕಿಗೇ ಬದುಕುವ ನೀರುಗಿಡ ನೆಟ್ಟು, ಭೀಮಾ ನದಿಯ ದಂಡೆಯಂತೆ ಕಾಣಲೆಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ಜೋಡಿಸಿದ್ದೆ. ನಮ್ಮವರು ಕಲಬುರಗಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಆರು ಮೀನುಗಳಲ್ಲಿ ಎರಡು ಸತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. “ನೀವ ಹೆಚ್ಚು ತಿನ್ನಿಸಿ ಕೊಂದ್ರಿ” ಎಂದು ಎರಡು ದಿನದಿಂದ ಅವರನ್ನು ಚುಚ್ಚುತ್ತಿದ್ದೆ. ಪಾಪ, ಅವರು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ.

ಅಡುಗೆಮನೆಯ ನೆಲ ರಿಪೇರಿಗೆ ಬಂದ ಗೌಂಡಿ ಮಹಿಬೂಬಣ್ಣ ತೊಟ್ಟಿ ನೋಡಿ, “ಒಂದ್ ಲಿಂಬಿಹಣ್ಣ ಕೊಡ್ರಿ ಅಕ್ಕಾರ” ಎಂದ. ಶರಬತ್ತಿಗೆ ಎಂದುಕೊಂಡೆ. ಅವನು ಅದನ್ನು ಮಿಕ್ಕಿದ್ದ ಫರಸಿ ಚೂರಿನ ಮೇಲೆ ಹಿಂಡಿದ. ಸಣ್ಣಗೆ ನೊರೆ ಎದ್ದಿತು.

“ಸುಣ್ಣದ ಕಲ್ಲ ಇದು. ಉಪ್ಪಿನಕಾಯಿ ಬಿದ್ರ ಫರಸಿ ಕೆಡ್ತದ ಅಂತ ಮನಿ ಮಂದಿಗೆಲ್ಲ ಬೈತೀರಿ, ಮೀನಿನ ನೀರಾಗ ಹ್ಯಾಂಗ ಇಟ್ರಿ? ಸುಣ್ಣ ಬಿಡಾಕತ್ತದ ನೋಡ್ರಿ!”

ನಮ್ಮವರು ನನ್ನ ಮುಖ ನೋಡಿ, ಬಕೆಟ್ ತಂದಿಟ್ಟರು. ಇಬ್ಬರೂ ತೋಳೇರಿಸಿ ಕಲ್ಲು ತೆಗೆದೆವು, ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಿದೆವು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾಪುಡಿ ಉಂಡೆವು. ತಪ್ಪು ನನ್ನದೇ ಎಂಬ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅವರು ತೊಟ್ಟಿಯ ಪಕ್ಕದಲ್ಲೇ ನಿದ್ದೆ ಹೋಗಿದ್ದರು. ಒಂದು ಮೀನು ಗಿಡದ ನೆರಳಿಗೆ ಇಳಿಯಿತು. ಉಳಿದ ಮೂರೂ ಇಳಿಯಲೆಂದು ನಾನು ಎಚ್ಚರವಾಗಿಯೇ ಕುಳಿತೆ.