ಬೇವಿನ ಮರದ ಸ್ಟಾಪು

ಗೆಳೆಯರೇ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿದ್ದೇನೆ.

ಒಂದು ಪ್ರೋಗ್ರಾಮಿಂಗ್ ಭಾಷೆ ಸರಿಯಾಗಿ ನಡೆದುಕೊಳ್ಳುತ್ತಿದೆಯೇ ಎಂದು ನೋಡುವ ಟೆಸ್ಟುಗಳನ್ನು ನಾವು ಹಲವು ಊರಿನವರು ಸೇರಿ ನೋಡಿಕೊಳ್ಳುತ್ತೇವೆ. ಅಂಕಿ ಇರಬೇಕಾದ ಜಾಗ ಖಾಲಿಯಿದ್ದರೆ ಅದನ್ನು ಸೊನ್ನೆ ಎಂದೇ ಓದಬೇಕು ಎನ್ನುತ್ತಿತ್ತು ಒಂದು ಹಳೆಯ ಟೆಸ್ಟು. ಭಾಷೆಯ ನಿಯಮದಲ್ಲಿ ಹಾಗಿಲ್ಲ. ಬೆಳಿಗ್ಗೆ ನಾನೇ ಅದನ್ನು ಕಿತ್ತುಹಾಕಿ ಭಾಷೆಯನ್ನೂ ತಿದ್ದಿಸಿದೆ. ಆಗಿನಿಂದ ಒಂದೇ ಚಿಂತೆ: ಆ ತಪ್ಪನ್ನೇ ನಂಬಿಕೊಂಡು ಯಾರಾದರೂ ಪ್ರೋಗ್ರಾಂ ಬರೆದಿದ್ದರೆ, ಅದು ಇವತ್ತು ಕೆಟ್ಟು ನಿಂತಿದ್ದರೆ?

ಈಗಷ್ಟೇ ದಾರಿಯಲ್ಲಿ ಒಂದು ಬೇವಿನ ಮರ ಬಂತು. ಮುದುಕಿಯೊಬ್ಬಳು ಗಂಟು ಎತ್ತಿಕೊಂಡು ಎದ್ದಳು. ಹೊಸ ಕಂಡಕ್ಟರ್ ಸೀಟಿ ಊದಲಿಲ್ಲ.

"ಆಯಿ, ಇಲ್ಲಿ ಸ್ಟಾಪ್ ಇಲ್ರಿ. ಮುಂದ ಇಳೀರಿ."

"ಯಾಕಿಲ್ಲೋ ತಮ್ಮಾ? ದಿನಾ ನಿಂದರ್ತದ!"

"ರೂಲಿನಾಗ ಇಲ್ರಿ."

"ರೂಲ್ ನೋಡಿ ಮನಿ ಕಟ್ಟೀವೇನು? ಬಸ್ ನಿಂದರ್ತದ ಅಂತ ಇಲ್ಲಿ ಕಟ್ಟೀವಿ!"

ಇಡೀ ಬಸ್ಸು ಅವಳ ಪರವಾಗಿ ಕೂಗಿತು. ಡ್ರೈವರ್ ಬ್ರೇಕ್ ಹಾಕಿದ. ಕಂಡಕ್ಟರ್ ಪಾಪ, ನನ್ನತ್ತ ತಿರುಗಿ, "ನೀವರ ಹೇಳ್ರಿ, ನಂದೇನು ತಪ್ಪದ?" ಎಂದ. ನಾನು ಕಿಟಕಿಯ ಹೊರಗೆ ನೋಡಿದೆ.

ಅಷ್ಟರಲ್ಲಿ ನಮ್ಮ ಟೆಸ್ಟಿನ ಗುಂಪಿನಿಂದ ಮೆಸೇಜು ಬಂದಿದೆ. ತೆರೆಯುವ ಧೈರ್ಯವಿಲ್ಲ. ಅಲ್ಲೂ ಯಾರೋ ಒಬ್ಬ ಆಯಿ ಗಂಟು ಎತ್ತಿಕೊಂಡು ಎದ್ದಿರಬೇಕು.